ಒಪಿಯಾಯ್ಡ್ ಚೀಟಿ ಬರೆಯುವ ಮುಂಚೆ: ನೋವಿನ ಏಳು ಪ್ರಶ್ನಾವಳಿಗಳನ್ನು ತೂಗಿ ನೋಡಿದಾಗ

ಮೂರು ತಿಂಗಳು ದಾಟಿದ ನೋವಿಗೆ ದೀರ್ಘಕಾಲದ ನೋವು ಎಂದು ಹೆಸರು. ಅಷ್ಟು ಹೊತ್ತಿಗೆ ರೋಗಿಯ ಪ್ಲಾಸ್ಟಿಕ್ ಕವರಿನಲ್ಲಿ ಎಕ್ಸ್‌ರೇ, ಎಂಆರ್‌ಐ, ವಿಟಮಿನ್ ಡಿ ರಿಪೋರ್ಟು, ನಾಲ್ಕು ಡಾಕ್ಟರುಗಳ ಚೀಟಿ ಎಲ್ಲ ಜಮೆಯಾಗಿರುತ್ತವೆ. ರಾತ್ರಿ ಎಷ್ಟು ಹೊತ್ತು ಎದ್ದು ಕೂರುತ್ತಾರೆ, ಏನು ಹೆದರಿಕೆ, ಎರಡನೇ ಮಾತ್ರೆ ಯಾಕೆ ನುಂಗಿದರು ಎಂಬುದಕ್ಕೆ ಮಾತ್ರ ಒಂದು ತುಂಡು ಕಾಗದವೂ ಇರುವುದಿಲ್ಲ. ಆ ಜಾಗ ತುಂಬಲೆಂದು ಅಮೆರಿಕ, ಕೆನಡಾ ಕಡೆ ತಯಾರಾದ ಪ್ರಶ್ನಾವಳಿಗಳು ಹಲವು. ನಮ್ಮ ಪೇನ್ ಕ್ಲಿನಿಕ್ಕುಗಳ ಮೇಜಿನ ಮೇಲೂ ಅವು ಕಾಣಿಸುತ್ತವೆ. ಇಲ್ಲಿ ಏಳನ್ನು ತೂಗಿದ್ದೇವೆ. ಅಳತೆಗೋಲು ಎರಡೇ: ಬಂದ ಉತ್ತರದಿಂದ ನಾಳೆ ಬೆಳಿಗ್ಗೆ ಚಿಕಿತ್ಸೆಯಲ್ಲಿ ಏನಾದರೂ ಬದಲಾಗುತ್ತದೆಯೇ? ಆ ಪ್ರಶ್ನೆ ಕನ್ನಡದ ಬಾಯಲ್ಲಿ ಪ್ರಶ್ನೆಯಾಗಿ ಉಳಿಯುತ್ತದೆಯೇ?

ಈ ಕಾಗದಗಳು ಬೇಕೇ ಎಂದು ಕೇಳುವವರಿಗೆ 2015ರಲ್ಲಿ ಅನೆಸ್ತೀಸಿಯಾಲಜಿ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಸಾಕು. ಹಳೆಯ ಸೊಂಟನೋವಿನವರಿಗೆ ಆರು ತಿಂಗಳು ಒಪಿಯಾಯ್ಡ್, ಅಂದರೆ ಮಾರ್ಫಿನ್ ಜಾತಿಯ ನೋವಿನ ಮದ್ದು, ಕೊಟ್ಟು ನೋಡಿದರು. ಖಿನ್ನತೆ, ಆತಂಕ ಕಡಿಮೆ ಇದ್ದವರಲ್ಲಿ ನೋವು ಶೇ 39ರಷ್ಟು ಇಳಿಯಿತು, ಮಾತ್ರೆ ದುರ್ಬಳಕೆ ಶೇ 8ರಷ್ಟು ಮಂದಿಯಲ್ಲಿ ಕಂಡಿತು. ಖಿನ್ನತೆ, ಆತಂಕ ಜಾಸ್ತಿ ಇದ್ದವರಲ್ಲಿ ಲೆಕ್ಕ ತಲೆಕೆಳಗು: ನೋವು ಇಳಿದದ್ದು ಶೇ 21, ದುರ್ಬಳಕೆ ಶೇ 39. ಯಾರಿಗೆ ಮಾತ್ರೆಯಿಂದ ಉಪಯೋಗ ಕಡಿಮೆಯೋ ಅವರೇ ಅದನ್ನು ಹೆಚ್ಚು ನುಂಗುತ್ತಾರೆ. ಇದರಲ್ಲಿ ವಿಚಿತ್ರವೇನಿಲ್ಲ. ನೋವು ತಗ್ಗಿಸುವ ಒಪಿಯಾಯ್ಡ್ ವ್ಯವಸ್ಥೆ ಮಿದುಳಿನಲ್ಲಿ ಹುಟ್ಟಿನಿಂದಲೇ ಇದೆ. ಹಲ್ಲು ಕೀಳಿಸಿಕೊಂಡವರಿಗೆ ಬರೀ ಪ್ಲಸೀಬೊ, ಅಂದರೆ ಮದ್ದಿನ ಅಂಶವಿಲ್ಲದ ಹುಸಿ ಮದ್ದು, ಕೊಟ್ಟಾಗ ತಗ್ಗಿದ ನೋವು, ಒಪಿಯಾಯ್ಡ್ ಪ್ರತಿಬಂಧಕ ನಲೊಕ್ಸೋನ್ ಚುಚ್ಚಿದಾಗ ಮರಳಿ ಬಂತೆಂದು 1978ರಲ್ಲೇ ತೋರಿಸಿದ್ದಾರೆ. ಭರವಸೆಯೂ ಮಾತ್ರೆಯೂ ಒಂದೇ ಬೀಗಕ್ಕೆ ಹಾಕುವ ಕೀಲಿಗಳು. ಹಾಗಾಗಿ ಮನಸ್ಸಿನ ಸಂಕಟಕ್ಕೂ ಅದೇ ಮಾತ್ರೆ ಒಂದಿಷ್ಟು ಹೊತ್ತು ನಾಟುತ್ತದೆ. ತೊಂದರೆ ಶುರುವಾಗುವುದು ಆ ಒಂದಿಷ್ಟು ಹೊತ್ತಿನಿಂದ.

ನಮ್ಮಲ್ಲಿ ಒಪಿಯಾಯ್ಡ್ ಮಾತ್ರೆ ಎಂದರೆ ಬಹುಪಾಲು ಟ್ರಮಡಾಲ್, ಅದೂ 37.5 ಮಿಲಿಗ್ರಾಂ ಟ್ರಮಡಾಲ್ ಜೊತೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಸೇರಿದ್ದು. ಅದರ ಹಿಂದೆಯೇ ಟಪೆಂಟಡಾಲ್. ಟ್ರಮಡಾಲ್ 2018ರ ಏಪ್ರಿಲ್‌ನಲ್ಲಿ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯೊಳಗೆ ಬಂತು. ಟಪೆಂಟಡಾಲ್ ಅವಲಂಬನೆಯ ಬಗ್ಗೆ ನಿಮ್ಹಾನ್ಸ್ ವೈದ್ಯರು 2020ರಲ್ಲೇ ಬರೆದರು. ಆಕ್ಸಿಕಾಂಟಿನ್ ಎಂಬ ಒಪಿಯಾಯ್ಡ್ ಮಾತ್ರೆಯ ಚಟ ಹಬ್ಬಿದ ಅಮೆರಿಕದ ದುರಂತ ನಮ್ಮದಲ್ಲ, ನಿಜ. ಇಲ್ಲಿ ಕ್ಯಾನ್ಸರ್ ರೋಗಿಗೆ ಮಾರ್ಫಿನ್ ಸಿಗುವುದೇ ಇವತ್ತಿಗೂ ಒದ್ದಾಟ. ಆದರೆ ಹಳೇ ಚೀಟಿ ತೋರಿಸಿ ಸ್ಟ್ರಿಪ್ ತರುವ ಅಭ್ಯಾಸ ಊರೂರಲ್ಲಿದೆ.

ಮೊದಲು ಎಲ್ಲರೂ ಕೈ ಹಾಕುವ ಒಪಿಯಾಯ್ಡ್ ರಿಸ್ಕ್ ಟೂಲ್, ಚುಟುಕಾಗಿ ಒಆರ್‌ಟಿ. ಲಿನ್ ವೆಬ್‌ಸ್ಟರ್ ಎಂಬ ವೈದ್ಯರು 2005ರಲ್ಲಿ ಹೊರತಂದದ್ದು. ಮಾತ್ರೆ ಕೊಟ್ಟರೆ ದುರ್ಬಳಕೆ ಆದೀತೇ ಎಂದು ಮೊದಲೇ ಅಂದಾಜಿಸುವುದು ಇದರ ಕೆಲಸ. ಹತ್ತು ಚೌಕ, ಟಿಕ್ ಹಾಕಲು ಒಂದೇ ನಿಮಿಷ. 3ರವರೆಗೆ ಕಡಿಮೆ ಅಪಾಯ, 4ರಿಂದ 7 ಮಧ್ಯಮ, 8 ಮತ್ತು ಮೇಲೆ ಹೆಚ್ಚು. ಕೂಡಿಸಿ ನೋಡಿದರೆ ಇದರ ಹುಳುಕು ತಿಳಿಯುತ್ತದೆ. ನಲವತ್ತು ವರ್ಷದ ಗಂಡಸು: ತಂದೆಗೆ ಕುಡಿತ ಇತ್ತು, 3. ತನಗೂ ಇತ್ತು, 3. ವಯಸ್ಸು 16ರಿಂದ 45ರ ಒಳಗೆ, 1. ಖಿನ್ನತೆ, 1. ಒಟ್ಟು 8, ಕೆಂಪು ಪಟ್ಟಿ. ಅದೇ ಚರಿತ್ರೆಯ ಹೆಂಗಸಿಗೆ ತಂದೆಯ ಕುಡಿತಕ್ಕೆ 1 ಮಾತ್ರ, ಹಾಗಾಗಿ ಒಟ್ಟು 6. ಅಪ್ಪ ಕುಡಿಯುತ್ತಿದ್ದ ಎನ್ನುವುದೊಂದೇ ಮಾನದಂಡವಾದರೆ ನಮ್ಮ ಹಳ್ಳಿಗಳಲ್ಲಿ ಯಾರು ಉಳಿಯುತ್ತಾರೆ? ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದ ಹೆಂಗಸಿಗೆ 3 ಅಂಕ, ಗಂಡಸಿಗೆ ಸೊನ್ನೆ. ಅನ್ಯಾಯಕ್ಕೆ ಒಳಗಾದವಳಿಗೇ ನೋವಿನ ಮಾತ್ರೆಯ ಬಾಗಿಲು ಮುಚ್ಚುವ ಪ್ರಶ್ನೆ ಇದು. 2019ರ ಪರಿಷ್ಕೃತ ಆವೃತ್ತಿಯಲ್ಲಿ ಅದನ್ನು ತೆಗೆದು, ಉಳಿದ ಒಂಬತ್ತಕ್ಕೂ ತಲಾ ಒಂದೇ ಅಂಕ ಇಟ್ಟು, 3ಕ್ಕೆ ಅಪಾಯದ ಗೆರೆ ಎಳೆದಿದ್ದಾರೆ. ಬಳಸಲೇಬೇಕಿದ್ದರೆ ಅದನ್ನೇ ಬಳಸಿ. ಹಳೆಯದನ್ನು ಇನ್ನೂ ಜೆರಾಕ್ಸ್ ಮಾಡಿ ಹಂಚುವುದು ಬಿಡಬೇಕು. ಮೊದಲ 185 ರೋಗಿಗಳಲ್ಲಿ ಹಳೆಯ ಒಆರ್‌ಟಿ ಅದ್ಭುತವಾಗಿ ಕೆಲಸ ಮಾಡಿತ್ತು. ಬೇರೆಯವರು ಬೇರೆ ಕಡೆ ಮಾಡಿ ನೋಡಿದಾಗ ಆ ಹೊಳಪು ಉಳಿಯಲಿಲ್ಲ. ಇದಕ್ಕಿಂತ ದೊಡ್ಡ ಆಕ್ಷೇಪ ಬೇರೆ ಇದೆ. ಇದರ ಬಹುತೇಕ ಚೌಕಗಳು ಬದಲಾಯಿಸಲಾಗದ ಸಂಗತಿಗಳು. ಅಪ್ಪನ ಕುಡಿತಕ್ಕೆ ನಾಳೆ ಯಾವ ಚಿಕಿತ್ಸೆ ಕೊಡುತ್ತೀರಿ?

ಎಸ್‌ಒಎಪಿಪಿ-ಆರ್ ಮಾಡುವುದೂ ಇದೇ ಕೆಲಸ, ಆದರೆ ಇನ್ನೂ ಉದ್ದ: 24 ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 4, ಗೆರೆ 18ಕ್ಕೆ. ಡಾಕ್ಟರ ಮೇಲೆ ಎಷ್ಟು ಸಲ ಅಸಹನೆ ಬಂದಿದೆ ಎಂದು ಡಾಕ್ಟರ ಎದುರೇ ಕೇಳುವ ಕಾಗದ. ‘ಅಯ್ಯೋ ಎಲ್ಲಾದ್ರೂ ಉಂಟೇ ಸಾರ್’ ಎನ್ನುವ ಉತ್ತರಕ್ಕೆ ಅಂಕ ಸೊನ್ನೆ. ಮದ್ದಿಗಾಗಿ ಕ್ರೇವಿಂಗ್ ಆಗುತ್ತದೆಯೇ ಎಂಬುದನ್ನು ‘ಹಂಬಲ’ ಎಂದು ಅನುವಾದಿಸಿದರೆ ಭಾವಗೀತೆಯಾಗುತ್ತದೆ, ‘ಚಪಲ’ ಎಂದರೆ ಬೋಂಡಾ ಬಜ್ಜಿ ನೆನಪಾಗುತ್ತದೆ. ‘ಬೇಕೇ ಬೇಕು ಅನಿಸೋದು’ ಎಂದು ಕೇಳಿದರೆ ಹತ್ತಿರ ಬರುತ್ತದೆ. ಜನ ತುಂಬಿದ ಒಪಿಡಿಯಲ್ಲಿ ಇದಕ್ಕೆ ಕೊಡುವ ಹತ್ತು ನಿಮಿಷ ದಂಡ.

ಈಗ ಈ ಗುಂಪಿನಲ್ಲಿ ನಿಜವಾಗಿ ತೂಕವುಳ್ಳದ್ದು: ಪೇನ್ ಕ್ಯಾಟಾಸ್ಟ್ರೊಫೈಸಿಂಗ್ ಸ್ಕೇಲ್, ಪಿಸಿಎಸ್. ಕೆನಡಾದ ಮೈಕಲ್ ಸಲಿವನ್ ಮತ್ತು ಜೊತೆಗಾರರು 1995ರಲ್ಲಿ ಮಾಡಿದ್ದು. 13 ಹೇಳಿಕೆ, ಪ್ರತಿಯೊಂದಕ್ಕೂ 0ರಿಂದ 4, ಗರಿಷ್ಠ 52, ಎಚ್ಚರಿಕೆಯ ಗೆರೆ 30. ಇದು ಮಾತ್ರೆಯ ಬಗ್ಗೆ ಒಂದೂ ಮಾತು ಕೇಳುವುದಿಲ್ಲ. ನೋವು ಬಂದಾಗ ತಲೆಯೊಳಗೆ ಏನು ಓಡುತ್ತದೆ ಎಂದಷ್ಟೇ ಕೇಳುತ್ತದೆ.

ಬಹಳ ಕ್ಲಿನಿಕ್ಕುಗಳು ಮಾಡುವ ತಪ್ಪೆಂದರೆ ಒಟ್ಟು ಅಂಕ ಬರೆದು ಕಾಗದ ಮಡಚಿಡುವುದು. ಒಳಗೆ ಮೂರು ಪಾಲಿದೆ. 8, 9, 10, 11ನೇ ಹೇಳಿಕೆಗಳು ನೋವನ್ನೇ ಮೆಲುಕು ಹಾಕುವುದರ ಅಳತೆ, ಗರಿಷ್ಠ 16. 6, 7, 13 ಏನೋ ದೊಡ್ಡದಾಗಿಬಿಡುತ್ತದೆ ಎಂಬ ಭಯ, ಗರಿಷ್ಠ 12. 1ರಿಂದ 5 ಮತ್ತು 12 ಕೈಲಾಗದ ಭಾವ, ಗರಿಷ್ಠ 24. ಇಬ್ಬರಿಗೂ 31 ಬಂತೆನ್ನಿ. ಒಬ್ಬರದು 15, 4, 12. ಇನ್ನೊಬ್ಬರದು 8, 3, 20. ಮೊದಲನೆಯವರಿಗೆ ನೋವು ತಲೆಯಿಂದ ಇಳಿಯುತ್ತಿಲ್ಲ. ಅವರಿಗೆ ಬೇಕಾದದ್ದು ನಿದ್ದೆಯ ಕೆಲಸ, ಉಸಿರಿನ ಅಭ್ಯಾಸ, ಗಮನ ಹೊರಳಿಸುವ ತಾಲೀಮು. ಎರಡನೆಯವರು ಕೈಚೆಲ್ಲಿ ಕೂತಿದ್ದಾರೆ. ಅವರಿಗೆ ಧ್ಯಾನ ಕಲಿಸಲು ಹೋದರೆ ಎರಡನೇ ಭೇಟಿಗೆ ಬರುವುದಿಲ್ಲ. ಆರು ನಿಮಿಷದ ನಡಿಗೆಯಂಥ, ಸೋಲಲು ಸಾಧ್ಯವೇ ಇಲ್ಲದ ಸಣ್ಣ ಕೆಲಸ ಕೊಡಬೇಕು. ಹನ್ನೆರಡನೆಯ ಹೇಳಿಕೆ, ಅಂದರೆ ನೋವು ತಗ್ಗಿಸಲು ನನ್ನಿಂದ ಏನೂ ಆಗದು ಎಂಬುದಕ್ಕೆ 4 ಬಿದ್ದರೆ ಅಲ್ಲೇ ನಿಂತು ಮಾತಾಡಿಸಿ. ತನ್ನಿಂದ ಏನೂ ಆಗದೆಂದು ನಂಬಿದವರ ಪಾಲಿಗೆ ಉಳಿಯುವುದು ಸ್ಟ್ರಿಪ್ ಒಂದೇ.

ಕೊರತೆಗಳೂ ಇವೆ. ನೋವು ಹೋಗಲಿ ಎಂದು ತವಕಿಸುತ್ತೇನೆ ಎಂಬ ಎಂಟನೆಯದಕ್ಕೆ 4 ಹಾಕದವರು ಸಿಕ್ಕುವುದು ಕಷ್ಟ; ಅದು ಯಾರನ್ನೂ ಯಾರಿಂದಲೂ ಬೇರ್ಪಡಿಸುವುದಿಲ್ಲ. ಮೂರು ಮತ್ತು ನಾಲ್ಕನೆಯವು ಇಂಗ್ಲಿಷಿನಲ್ಲಿ ಬೇರೆ, ಕನ್ನಡಕ್ಕೆ ಬಂದಾಗ ಎರಡೂ ‘ಭಯಂಕರ’ ಆಗಿ ಕೂತುಬಿಡುತ್ತವೆ. ಮೂರನೆಯದರಲ್ಲಿ ‘ಇದು ವಾಸಿ ಆಗೋದೇ ಇಲ್ಲ’ ಎಂಬುದನ್ನೂ ನಾಲ್ಕನೆಯದರಲ್ಲಿ ‘ನನ್ನನ್ನ ಮುಳುಗಿಸಿಬಿಡ್ತದೆ’ ಎಂಬುದನ್ನೂ ಒತ್ತಿ ಓದಬೇಕು. ಇನ್ನು ಹೆಸರು. ಕ್ಯಾಟಾಸ್ಟ್ರೊಫೈಸಿಂಗ್ ಅನ್ನು ಕನ್ನಡಕ್ಕೆ ತರಹೊರಟರೆ ಮೊದಲು ಬಾಯಿಗೆ ಬರುವುದು ಕಡ್ಡಿಯನ್ನು ಗುಡ್ಡ ಮಾಡುವುದು. ಆ ಮಾತನ್ನು ರೋಗಿಯ ಮುಂದೆ ಆಡಿದರೆ ಕೆಲಸ ಕೆಟ್ಟಿತು. ವರ್ಷಗಟ್ಟಲೆ ಮನೆಯವರು ಅಂದದ್ದೂ ಅದನ್ನೇ. ಆ ದೇಶಗಳಲ್ಲೂ ಈ ಪದಕ್ಕೆ ರೋಗಿಗಳ ಆಕ್ಷೇಪ ಇದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಅದೇ ಸಂಗತಿಯನ್ನು ಅಳೆಯುವ ತಮ್ಮ ಪ್ರಶ್ನಾವಳಿಗೆ ನೋವಿನ ಬಗೆಗಿನ ಚಿಂತೆ ಎಂಬರ್ಥದ ಹೆಸರಿಟ್ಟರು. ಕಾಗದದ ತಲೆಯ ಮೇಲೆ ‘ನೋವು ಬಂದಾಗಿನ ಯೋಚನೆಗಳು’ ಎಂದು ಅಚ್ಚು ಹಾಕಿಸಿದರೆ ಸಾಕು.

0ರಿಂದ 4 ಎಂಬ ಮೆಟ್ಟಿಲು ವಯಸ್ಸಾದವರಿಗೆ ಅಷ್ಟಾಗಿ ಹತ್ತುವುದಿಲ್ಲ. ಇಲ್ಲಿ ನಮ್ಮದೇ ಹಳೆಯ ಲೆಕ್ಕ ಒದಗುತ್ತದೆ. ‘ಈಗ ಹೇಗಿದೆಯಮ್ಮಾ?’ ಎಂದರೆ ‘ರೂಪಾಯಿಗೆ ಎಂಟಾಣೆ ಕಮ್ಮಿ ಆಗಿದೆ’ ಎನ್ನುವವರು ಇವತ್ತಿಗೂ ಇದ್ದಾರೆ. ಏನೂ ಇಲ್ಲ, ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ, ಪೂರ್ತಿ ರೂಪಾಯಿ: ಸರಿಯಾಗಿ ಐದು ಮೆಟ್ಟಿಲು. ಹೀಗೆ ಕೇಳಿದ ಮೇಲೆ 30ರ ಗೆರೆಯನ್ನು ಶಾಸ್ತ್ರವೆಂದು ಹಿಡಿಯಬಾರದು. ಅದೇ ವ್ಯಕ್ತಿಯ ಹೋದ ತಿಂಗಳಿನ ಅಂಕದ ಜೊತೆ ಮಾತ್ರ ಹೋಲಿಸಬೇಕು.

ಪಿಸಿಎಸ್‌ಗೆ ಮೊದಲ ಸ್ಥಾನ ಕೊಡಲು ಕಾರಣ, ಅದು ಅಳೆಯುವ ಸಂಗತಿ ಬದಲಾಗುತ್ತದೆ, ಅದೂ ಬೇಗ. ಸ್ಟ್ಯಾನ್‌ಫರ್ಡ್‌ನ ಬೆತ್ ಡಾರ್ನಲ್ ರೂಪಿಸಿದ ಎರಡು ಗಂಟೆಯ ಒಂದೇ ಒಂದು ತರಗತಿಯನ್ನು ಯೋಚನೆ, ನಡವಳಿಕೆ ತಿದ್ದುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯ ಎಂಟು ವಾರದ ತರಗತಿಗಳ ಜೊತೆ 263 ಸೊಂಟನೋವಿನವರಲ್ಲಿ ಹೋಲಿಸಿದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಮೂರು ತಿಂಗಳ ಮೇಲೆ ಪಿಸಿಎಸ್ ಅಂಕದಲ್ಲಿ ಒಂದೇ ತರಗತಿ ಎಂಟಕ್ಕಿಂತ ಕಡಿಮೆಯೇನೂ ಆಗಲಿಲ್ಲ. ವಾರವಾರ ಬಸ್ಸು ಹಿಡಿದು ಬರಲಾಗದ ಊರುಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಆ ತರಗತಿಯ ತಿರುಳು ಮೂರು ಮಾತಿನದು: ನೋವಿಗೂ ಗಾಬರಿಗೂ ಮಿದುಳಿನಲ್ಲಿ ಇರುವ ನಂಟನ್ನು ಬಿಡಿಸಿ ಹೇಳುವುದು, ಮೈ ಸಡಿಲಿಸುವುದನ್ನು ಧ್ವನಿಮುದ್ರಿಕೆ ಹಾಕಿ ಕಲಿಸುವುದು, ಗಾಬರಿ ಏರಿದಾಗ ಏನು ಮಾಡುತ್ತೇನೆಂದು ರೋಗಿಯೇ ತನ್ನ ಕೈಯಾರೆ ಬರೆದುಕೊಳ್ಳುವುದು.

ಟ್ಯಾಂಪಾ ಸ್ಕೇಲ್ ಅಳೆಯುವುದು ಅಲುಗಾಡುವ ಭಯವನ್ನು. 17 ಹೇಳಿಕೆ, 1ರಿಂದ 4, ಒಟ್ಟು 17ರಿಂದ 68. 37 ದಾಟಿದರೆ ಭಯ ಜಾಸ್ತಿ. 4, 8, 12, 16ನೆಯವು ಉಲ್ಟಾ ಹೇಳಿಕೆಗಳು: ಅಂಕವನ್ನು 5ರಿಂದ ಕಳೆದು ಬರೆಯಬೇಕು. ಇದನ್ನು ಮರೆತು ಕೂಡಿಸಿದ ಕಾಗದಗಳು ಲೆಕ್ಕವಿಲ್ಲ. ಕನ್ನಡದಲ್ಲಿ ಇನ್ನೊಂದು ತೊಡಕು. ‘ನೋವಿಲ್ಲ ಅಲ್ವಾ?’ ಎಂದರೆ ‘ಹೌದು’ ಎನ್ನುತ್ತೇವೆ, ಅಂದರೆ ಇಲ್ಲವೆಂದು. ಉಲ್ಟಾ ಹೇಳಿಕೆಗೆ ಬರುವ ‘ಹೌದು’ ಯಾವ ಕಡೆಯದು ಎಂದು ಪ್ರತಿ ಸಲವೂ ತಿರುಗಿಸಿ ಕೇಳಬೇಕು. ‘ಡಿಸ್ಕ್ ಜರುಗಿದೆ, ಬಗ್ಗಬೇಡಿ’ ಎಂದು ಯಾರೋ ಹೇಳಿ ಕಳಿಸಿದ್ದರಿಂದ ಎರಡು ವರ್ಷದಿಂದ ಬಿಂದಿಗೆ ಎತ್ತದವರಿಗೆ ಇದು ಬೇಕು. ಉಳಿದವರಿಗೆ ಬೇಡ.

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ವೈದ್ಯರಿಗೆಲ್ಲ ಗೊತ್ತು. 2001ರದು, ಒಂಬತ್ತು ಪ್ರಶ್ನೆ, 27ಕ್ಕೆ ಅಂಕ, ಗೆರೆ 10. ದುಡ್ಡಿಲ್ಲ, ಅನುಮತಿ ಬೇಕಿಲ್ಲ, ಕನ್ನಡದಲ್ಲಿ ಸಿಗುತ್ತದೆ. ನೋವಿನವರಲ್ಲಿ ಮಾತ್ರ ಇದು ಸ್ವಲ್ಪ ಸುಳ್ಳು ಹೇಳುತ್ತದೆ. ನಿದ್ದೆಗೆ 3, ಸುಸ್ತಿಗೆ 3, ಊಟಕ್ಕೆ 2, ಗಮನಕ್ಕೆ 2 ಬಿದ್ದರೆ 10 ಆಗಿಹೋಯಿತು. ಅಷ್ಟೂ ಮಂಡಿನೋವಿನಿಂದಲೇ ಬಂದಿರಬಹುದು. ಅದಕ್ಕೇ 1, 2, 6, 9ನ್ನು ಬೇರೆಯಾಗಿ ನೋಡಬೇಕು: ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಬೇಸರ, ತನ್ನ ಬಗ್ಗೆಯೇ ಕೀಳು ಭಾವನೆ, ಸಾವಿನ ಯೋಚನೆ. ಒಂಬತ್ತನೆಯದಕ್ಕೆ ಸೊನ್ನೆಗಿಂತ ಮೇಲೆ ಏನೇ ಬಂದರೂ ಅವತ್ತಿನ ಚೀಟಿ ಬದಲಾಗಬೇಕು. ತಿಂಗಳ ಮಾತ್ರೆ ಒಟ್ಟಿಗೆ ಕೊಡಬಾರದು, ಮೂರ್ನಾಲ್ಕು ದಿನದ್ದು ಕೊಟ್ಟು ಮನೆಯವರೊಬ್ಬರ ಕೈಯಲ್ಲಿಡಿಸಬೇಕು, ಮನೋವೈದ್ಯರಿಗೆ ಅವತ್ತೇ ತೋರಿಸಬೇಕು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಕನ್ನಡದಲ್ಲಿ ಸಿಗುತ್ತದೆ. ನಂಬರನ್ನು ಚೀಟಿಯ ಮೇಲೇ ಬರೆದುಕೊಡಿ.

ಪಿಇಜಿಯಲ್ಲಿ ಮೂರೇ ಪ್ರಶ್ನೆ. ಕಳೆದ ವಾರದ ಸರಾಸರಿ ನೋವು, ಬದುಕಿನ ಸಂತೋಷಕ್ಕೆ ಅದು ಎಷ್ಟು ಅಡ್ಡಿ, ದಿನದ ಕೆಲಸಕ್ಕೆ ಎಷ್ಟು ಅಡ್ಡಿ. ಹತ್ತಕ್ಕೆ ಅಂಕ, ಮೂರರ ಸರಾಸರಿ. ಶೇ 30ರಷ್ಟು ಇಳಿದರೆ ಮದ್ದು ನಾಟಿದೆ ಎಂದು ಹಿಡಿಯುತ್ತಾರೆ. ಪ್ರತಿ ಭೇಟಿಯಲ್ಲೂ ಬರೆಯುವಷ್ಟು ಚಿಕ್ಕದು, ಬರೆಯಲೇಬೇಕು. ಮೂರು ತಿಂಗಳಾದರೂ ಇದು ಇಳಿಯದೆ ಮಾತ್ರೆಯ ಸಂಖ್ಯೆ ಮಾತ್ರ ಏರಿದ್ದರೆ ಬೇರೆ ಸಾಕ್ಷಿ ಬೇಡ. ‘ಬದುಕಿನ ಸಂತೋಷ’ ಎಂದರೆ ಜನ ವೇದಾಂತಕ್ಕೆ ಇಳಿಯುತ್ತಾರೆ. ‘ಮದುವೆ ಮನೆ, ಜಾತ್ರೆ, ಮೊಮ್ಮಕ್ಕಳ ಜೊತೆ ಆಟ, ಇದಕ್ಕೆಲ್ಲ ಎಷ್ಟು ಅಡ್ಡಿ?’ ಎಂದು ಕೇಳಿ. ‘ನೋವು’ ಎಂಬ ಪದವೇ ಕನ್ನಡದಲ್ಲಿ ಎರಡು ಕೆಲಸ ಮಾಡುತ್ತದೆ, ಸೊಂಟಕ್ಕೂ ಅದೇ, ಮಗ ಅಂದ ಮಾತಿಗೂ ಅದೇ. ಕಲಬುರ್ಗಿ, ವಿಜಯಪುರದ ಕಡೆ ‘ಬ್ಯಾನಿ’ ಎಂದು ಕೇಳಿದರೆ ಮೈಯ ನೋವಿನ ಲೆಕ್ಕ ಚೊಕ್ಕವಾಗಿ ಬರುತ್ತದೆ.

ಮಾತ್ರೆ ಶುರುವಾದ ಮೇಲೆ ದುರ್ಬಳಕೆ ಆಗುತ್ತಿದೆಯೇ ಎಂದು ನೋಡುವುದು ಸಿಒಎಂಎಂ, ಬಾಯಲ್ಲಿ ಕಾಮ್. ಕಳೆದ 30 ದಿನದ ಬಗ್ಗೆ 17 ಪ್ರಶ್ನೆ, 9ಕ್ಕೆ ಗೆರೆ. ಗೆರೆಯನ್ನು ಬೇಕೆಂದೇ ಕೆಳಗಿಟ್ಟಿದ್ದಾರೆ. ಯಾರೂ ತಪ್ಪಿಸಿಕೊಳ್ಳದಿರಲಿ ಎಂದು ಬೀಸಿದ ಬಲೆ, ಹಾಗಾಗಿ ನಿರಪರಾಧಿಗಳೂ ಸಿಕ್ಕಿಬೀಳುತ್ತಾರೆ. ಇದರ ಬೆಲೆ ತಿಳಿಯಬೇಕಿದ್ದರೆ 2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಆಸ್ಟ್ರೇಲಿಯಾದ ಒಪಾಲ್ ಪ್ರಯೋಗ ನೋಡಬೇಕು. ಹೊಸದಾಗಿ ಬಂದ ಸೊಂಟ, ಕತ್ತುನೋವಿಗೆ ಹೆಚ್ಚೆಂದರೆ ಆರು ವಾರ ಒಪಿಯಾಯ್ಡ್ ಅಥವಾ ಪ್ಲಸೀಬೊ. ನೋವಿನಲ್ಲಿ ವ್ಯತ್ಯಾಸವೇನೂ ಆಗಲಿಲ್ಲ. ವರ್ಷದ ಮೇಲೆ ಕಾಮ್ ಕೊಟ್ಟು ನೋಡಿದರೆ ದುರ್ಬಳಕೆಯ ಅಪಾಯದ ಗೆರೆ ದಾಟಿದವರು ಒಪಿಯಾಯ್ಡ್ ಗುಂಪಿನಲ್ಲಿ ಶೇ 20, ಪ್ಲಸೀಬೊ ಗುಂಪಿನಲ್ಲಿ ಶೇ 10.

ನಮ್ಮ ಊರಿನಲ್ಲಿ ಇದರ ಕೆಲವು ಪ್ರಶ್ನೆಗಳು ಕೈಕೊಡುತ್ತವೆ. ಅಪಾಯಿಂಟ್‌ಮೆಂಟ್ ಇಲ್ಲದೆ ಕ್ಲಿನಿಕ್ಕಿಗೆ ಬಂದಿರಾ ಎನ್ನುವುದು ಒಂದು. ಟೋಕನ್ ಒಪಿಡಿಯಲ್ಲಿ ಬರುವವರೆಲ್ಲ ಹಾಗೆಯೇ ಬರುವವರು. ಬೇರೆ ಡಾಕ್ಟರ ಹತ್ತಿರ ಹೋದಿರಾ ಎನ್ನುವುದು ಇನ್ನೊಂದು. ಮೂಳೆ ಡಾಕ್ಟರು, ಊರ ಡಾಕ್ಟರು, ಪುತ್ತೂರು ಕಟ್ಟು, ಮೆಡಿಕಲ್ ಶಾಪಿನ ಅಣ್ಣ ಎಲ್ಲ ಮುಗಿಸಿಯೇ ಇಲ್ಲಿಗೆ ಬಂದಿರುತ್ತಾರೆ. ಬೇರೆಯವರ ಮಾತ್ರೆ ತೆಗೆದುಕೊಂಡಿರಾ? ಅತ್ತೆಯ ಮಂಡಿ ಮಾತ್ರೆಯನ್ನು ಸೊಸೆ ನುಂಗುವುದು ಮನೆಯ ಮರ್ಯಾದೆಯ ಭಾಗ, ಕಳ್ಳತನವಲ್ಲ. ಸಿಟ್ಟಿನ ಬಗ್ಗೆ ಇರುವ ಪ್ರಶ್ನೆಗಳಿಗೆ ನೋವಿನವರು ಯಾರೇ ಆದರೂ ಒಂದೆರಡು ಅಂಕ ಗಳಿಸುತ್ತಾರೆ. ಇವೆಲ್ಲ ಸೇರಿಯೇ 9 ಆಗಿಬಿಟ್ಟರೆ ಆ ಅಂಕಕ್ಕೆ ಅರ್ಥವಿಲ್ಲ.

ಹಾಗಿದ್ದೂ ಕಾಮ್ ಉಳಿಸಿಕೊಳ್ಳಬೇಕಾದದ್ದು ಅದರ ಒಂದೇ ಪ್ರಶ್ನೆಗಾಗಿ: ನೋವಿಗಲ್ಲದೆ ನಿದ್ದೆಗೆ, ಮನಸ್ಸು ಹಗುರಾಗಲಿಕ್ಕೆ, ಟೆನ್ಷನ್ನಿಗೆ ಈ ಮಾತ್ರೆ ನುಂಗಿದ್ದೀರಾ? ಉಳಿದ ಹದಿನಾರೂ ಸೇರಿ ಹೇಳುವುದಕ್ಕಿಂತ ಇದೊಂದು ಹೆಚ್ಚು ಹೇಳುತ್ತದೆ. ನೇರ ಕೇಳಿದರೆ ‘ಇಲ್ಲ’ ಎಂದೇ ಉತ್ತರ. ಸ್ಟ್ರಿಪ್ ಮೇಜಿನ ಮೇಲೆ ಇಡಿಸಿ ಕೇಳುವುದು ಲೇಸು. ದಿನಕ್ಕೆ ಮೂರರಂತೆ ಹತ್ತು ದಿನಕ್ಕೆ 30 ಮಾತ್ರೆ ಕೊಟ್ಟದ್ದು, ಏಳನೇ ದಿನಕ್ಕೆ ಕೊನೆಯ ಸ್ಟ್ರಿಪ್‌ನಲ್ಲಿ ಎರಡೇ ಗುಳ್ಳೆ ತುಂಬಿವೆ. ಅಂದರೆ 21ರ ಜಾಗದಲ್ಲಿ 28 ಹೋಗಿದೆ. ‘ಯಾಕೆ ಜಾಸ್ತಿ ತಗೊಂಡ್ರಿ?’ ಎಂದರೆ ಮುಖ ಮುಚ್ಚಿಕೊಳ್ಳುತ್ತದೆ. ‘ನಿನ್ನೆ ಕೊನೇದು ಎಷ್ಟೊತ್ತಿಗೆ ತಗೊಂಡ್ರಿ? ಆವಾಗ ಮನೇಲಿ ಯಾರಿದ್ರು?’ ಎಂದು ಕೇಳಿ. ಬೆಳಿಗ್ಗೆ ಹತ್ತಕ್ಕೆ, ಬಟ್ಟೆ ಒಗೆದ ಮೇಲೆ ಎಂದರೆ ಅದು ನೋವಿನ ಮಾತ್ರೆ. ಪ್ರಮಾಣ ಸಾಲದು ಎಂದರ್ಥ ಇರಬಹುದು. ರಾತ್ರಿ ಹನ್ನೊಂದಕ್ಕೆ, ಗಂಡ ಬಂದು ಮಲಗಿದ ಮೇಲೆ ಎಂದರೆ ಆ ಮಾತ್ರೆಗೆ ಸೊಂಟದ ಜೊತೆ ಸಂಬಂಧ ಕಡಿಮೆ.

ಇಲ್ಲೊಂದು ಬಲೆ ಇದೆ, ಪ್ರಶ್ನಾವಳಿ ತಯಾರಿಸಿದವರು ಎಣಿಸದೇ ಇದ್ದದ್ದು. ಟ್ರಮಡಾಲ್ ತಾನಾಗಿ ದುರ್ಬಲ ಮದ್ದು. ಯಕೃತ್ತಿನ ಸಿವೈಪಿ2ಡಿ6 ಎಂಬ ಕಿಣ್ವ ಅದನ್ನು ಮಾರ್ಪಡಿಸಿದ ಮೇಲಷ್ಟೇ ಒಪಿಯಾಯ್ಡ್ ಶಕ್ತಿ ಬರುವುದು. ಖಿನ್ನತೆಗೆ ಕೊಡುವ ಫ್ಲೂಯಾಕ್ಸೆಟಿನ್, ಪ್ಯಾರಾಕ್ಸೆಟಿನ್ ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಡುಲಾಕ್ಸೆಟಿನ್ ಕೂಡ ಸ್ವಲ್ಪ ಮಟ್ಟಿಗೆ. ಆಗ ನೋವು ಇಳಿಯುವುದಿಲ್ಲ, ರೋಗಿ ಇನ್ನೊಂದು ನುಂಗುತ್ತಾರೆ, ಕಾಮ್ ಅಂಕ ಏರುತ್ತದೆ, ಫೈಲಿನ ಮೇಲೆ ‘ಚಟ’ ಎಂದು ಬೀಳುತ್ತದೆ. ತಪ್ಪು ಚೀಟಿಯದು. ಅಪಾಯ ಅಷ್ಟಕ್ಕೇ ನಿಲ್ಲುವುದಿಲ್ಲ: ಟ್ರಮಡಾಲ್, ಖಿನ್ನತೆಯ ಮದ್ದು ಎರಡೂ ಸೆರಟೋನಿನ್ ಎಂಬ ನರರಾಸಾಯನಿಕವನ್ನು ಏರಿಸುವುದರಿಂದ ನಡುಕ, ಬೆವರು, ಜ್ವರ, ಗೊಂದಲ ಬರಬಹುದು, ಫಿಟ್ಸ್ ಬರಬಹುದು. ಟ್ರಮಡಾಲ್ ದಿನಕ್ಕೆ 400 ಮಿಲಿಗ್ರಾಂ ದಾಟಿದರೆ ಫಿಟ್ಸ್ ಭಯ ಇನ್ನೂ ಜಾಸ್ತಿ. ಟ್ರಮಡಾಲ್, ಪ್ಯಾರಾಸಿಟಮಾಲ್ ಸೇರಿದ ಜೋಡಿ ಮಾತ್ರೆಯನ್ನು ಹೆಚ್ಚಾಗಿ ನುಂಗುವವರು ಜ್ವರಕ್ಕೆಂದು ಪ್ಯಾರಾಸಿಟಮಾಲ್ 650ನ್ನೂ ಸೇರಿಸಿದರೆ ಯಕೃತ್ತಿಗೆ ಪೆಟ್ಟು. ಹಾಗಾಗಿ ಕಾಮ್ ಕಾಗದದ ಪಕ್ಕದಲ್ಲಿ ಎಲ್ಲಾ ಡಾಕ್ಟರುಗಳ ಎಲ್ಲಾ ಸ್ಟ್ರಿಪ್‌ಗಳನ್ನೂ ಹರಡಿ ನೋಡದೆ ಅಂಕ ಬರೆಯಬಾರದು.

ಏಳನ್ನೂ ಒಬ್ಬರಿಗೇ ಕೊಡುವುದು ಕ್ರೌರ್ಯ. ಮೊದಲ ಭೇಟಿಯಲ್ಲಿ ಪಿಇಜಿ, ಪಿಸಿಎಸ್, ಪಿಎಚ್‌ಕ್ಯೂ-9. ಓದಿ ಹೇಳಿದರೆ ಕಾಲು ಗಂಟೆ. ಕುಡಿತ, ತಂಬಾಕು, ಹಿಂದಿನ ಮಾತ್ರೆಗಳ ಬಗ್ಗೆ ಬಾಯಿಮಾತಿನಲ್ಲಿ ಕೇಳಿದರೆ ಒಆರ್‌ಟಿಯ ಕೆಲಸ ಮುಗಿಯಿತು. ಒಆರ್‌ಟಿ ಕೇಳದ ತಂಬಾಕನ್ನು ನಾವು ಬಿಡುವಂತಿಲ್ಲ. ಒಪಿಯಾಯ್ಡ್ ಶುರುಮಾಡಿದರೆ ಮಾತ್ರ ತಿಂಗಳಿಗೊಮ್ಮೆ ಕಾಮ್.

ಪಿಸಿಎಸ್ 30 ದಾಟಿದವರಿಗೆ ಒಪಿಯಾಯ್ಡ್ ಕೊಡಲೇಬಾರದೆಂದಿಲ್ಲ. ಕೊಡುವ ರೀತಿ ಬದಲಾಗಬೇಕು. ಸಿಯಾಟಲ್‌ನ ಮನೋವಿಜ್ಞಾನಿ ವಿಲ್ಬರ್ಟ್ ಫೋರ್ಡೈಸ್ 1970ರ ದಶಕದಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ‘ನೋವು ಬಂದಾಗ ತಗೊಳ್ಳಿ’ ಎಂದು ಬರೆದರೆ ನೋವಿನ ಬೆನ್ನಿಗೇ ಪ್ರತಿ ಸಲ ಒಂದು ಬಿಡುಗಡೆ ಸಿಗುತ್ತದೆ. ನೋವು, ಗಾಬರಿ, ಮಾತ್ರೆ, ನಿರಾಳ: ದಿನಕ್ಕೆ ಐದು ಸಲ ಇದೇ ಪಾಠ ಒಪ್ಪಿಸಿದರೆ ಮಿದುಳು ಕಲಿಯದೆ ಇರುತ್ತದೆಯೇ? ಅದರ ಬದಲು ಗಡಿಯಾರಕ್ಕೆ ಕಟ್ಟಬೇಕು: ಬೆಳಿಗ್ಗೆ 8, ಮಧ್ಯಾಹ್ನ 2, ರಾತ್ರಿ 8, ನೋವು ಇರಲಿ ಬಿಡಲಿ. ನಡಿಗೆಗೂ ಇದೇ ನಿಯಮ. ಸುಸ್ತಾಗುವವರೆಗೆ ನಡೆದು ಎರಡು ದಿನ ಮಲಗುವುದು ಬೇಡ. ಆರಾಮಾಗಿ ಹತ್ತು ನಿಮಿಷ ಆಗುವುದಾದರೆ ಎಂಟರಿಂದ ಶುರು, ಒಳ್ಳೆಯ ದಿನವೂ ಎಂಟೇ, ಕೆಟ್ಟ ದಿನವೂ ಎಂಟೇ, ವಾರಕ್ಕೊಂದು ನಿಮಿಷ ಏರಿಕೆ. ಒಳ್ಳೆಯ ದಿನ ಜಾಸ್ತಿ ನಡೆದು ಕೆಡಿಸಿಕೊಳ್ಳುವವರೇ ಹೆಚ್ಚು.

ಕಾಮ್ ಅಂಕ ನಿಜವಾಗಿಯೇ ಏರಿದಾಗ ಮಾಡಬಾರದ ಕೆಲಸ ಒಂದೇ, ಸಿಟ್ಟಿನಲ್ಲಿ ಮಾತ್ರೆ ಥಟ್ಟನೆ ನಿಲ್ಲಿಸುವುದು. ವಾಂತಿ, ಭೇದಿ, ಮೈಕೈ ನೋವು, ನಿದ್ದೆಗೇಡು ಬರುತ್ತವೆ. ಟ್ರಮಡಾಲ್ ಆದರೆ ಆತಂಕದ ಅಲೆಯೂ ಜೊತೆಗೆ. ಹಾಗೆ ನಿಲ್ಲಿಸುವುದರಿಂದ ಆತ್ಮಹತ್ಯೆಯ ಅಪಾಯವೂ ಇದೆಯೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಎಚ್ಚರಿಸಿತು. ವರ್ಷ ದಾಟಿ ನುಂಗಿದವರಿಗೆ ತಿಂಗಳಿಗೆ ಶೇ 10ರಷ್ಟು ಅಥವಾ ಅದಕ್ಕಿಂತ ನಿಧಾನವಾಗಿ ಇಳಿಸುವುದನ್ನು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ 2022ರ ಮಾರ್ಗಸೂಚಿ ಹೇಳುತ್ತದೆ. ದೇಹ ಮದ್ದಿಗೆ ಒಗ್ಗಿಕೊಳ್ಳುವುದು ಬೇರೆ, ಚಟ ಬೇರೆ ಎಂಬುದನ್ನು ಮನೆಯವರಿಗೂ ಬಿಡಿಸಿ ಹೇಳಬೇಕು. ದೀರ್ಘಕಾಲದ ನೋವಿಗೆ ಒಪಿಯಾಯ್ಡ್ ನುಂಗುವವರಲ್ಲಿ ದುರ್ಬಳಕೆ ಶೇ 21ರಿಂದ 29, ವ್ಯಸನ ಶೇ 8ರಿಂದ 12 ಎಂದು 2015ರ ಒಂದು ಪರಾಮರ್ಶೆ ಅಂದಾಜಿಸಿದೆ. ದುರ್ಬಳಕೆ ಮಾಡುವವರೆಲ್ಲ ವ್ಯಸನಿಗಳಲ್ಲ ಎಂಬುದು ಈ ಅಂಕಿಗಳಲ್ಲೇ ಇದೆ. ವ್ಯಸನ ಎನ್ನುವಷ್ಟಾಗಿದ್ದರೆ ಒಪಿಯಾಯ್ಡ್ ವ್ಯಸನಕ್ಕೆ ಕೊಡುವ ಬದಲಿ ಮದ್ದು ಬುಪ್ರೆನಾರ್ಫಿನ್ ಚಿಕಿತ್ಸೆ ಇರುವ ಕೇಂದ್ರಕ್ಕೆ ಕಳಿಸುವುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಉಳಿದ ಕಡೆಯವರಿಗೆ 14446 ವ್ಯಸನಮುಕ್ತಿ ಸಹಾಯವಾಣಿ.

ಅಚ್ಚು, ಕಾಗದದ ವಿಷಯ. ಅಕ್ಷರ ದೊಡ್ಡದಿರಲಿ, ಒಂದು ಹಾಳೆಗೆ ಒಂದೇ ಪ್ರಶ್ನಾವಳಿ. ಓದಿ ಹೇಳುವವರು ಪ್ರತಿ ಸಲವೂ ಒಬ್ಬರೇ ಆಗಿರಬೇಕು. ನರ್ಸ್ ಕೇಳಿದಾಗ ಬಂದ 34, ಡಾಕ್ಟರು ಕೇಳಿದಾಗ 22 ಆಗುವುದುಂಟು. ಜೊತೆಗೆ ಬಂದ ಗಂಡ, ಮಗ, ಅತ್ತೆ ಹತ್ತು ನಿಮಿಷ ಹೊರಗೆ ಕೂರಲಿ, ಇಲ್ಲದಿದ್ದರೆ ಉತ್ತರ ಅವರದೇ ಬರುತ್ತದೆ. ತುಂಬಿದ ಹಾಳೆಯನ್ನು ರೋಗಿಯ ಪ್ಲಾಸ್ಟಿಕ್ ಕವರಿಗೆ ಹಾಕಿ ಕಳಿಸಬೇಡಿ. ಆ ಕವರನ್ನು ಮನೆಯಲ್ಲಿ ಎಲ್ಲರೂ ತೆಗೆದು ನೋಡುತ್ತಾರೆ.